ಅಂಚೆಯಲ್ಲಿ ಮಾಲು ಕಳಿಸುವ ರೈತರಿಗೆ: ಸಾಗಣೆ ಖರ್ಚು ಮತ್ತು ಹಣ ವಾಪಸಾತಿಯ ಲೆಕ್ಕ

ಶಿವಮೊಗ್ಗ, ಭದ್ರಾವತಿ ಸುತ್ತಿನ ಅನೇಕ ರೈತರು ಜೇನುತುಪ್ಪ, ಜೋನಿ ಬೆಲ್ಲ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಮುಂತಾದವನ್ನು ಈಗ ಮೊಬೈಲ್ ಮೂಲಕವೇ ದೂರದ ಗಿರಾಕಿಗಳಿಗೆ ಮಾರುತ್ತಿದ್ದಾರೆ. ಮಂಡಿಯಲ್ಲಿ ಸಿಗುವುದಕ್ಕಿಂತ ಹೆಚ್ಚಿನ ಬೆಲೆ ಸಿಗುವುದೇನೋ ನಿಜ. ಆದರೆ ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಕೆಲವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅಂಚೆ ವೆಚ್ಚ ಮತ್ತು ಗಿರಾಕಿಗೆ ಹಿಂದಿರುಗಿಸಿದ ಹಣ, ಇವೆರಡು ಬಾಬ್ತುಗಳನ್ನು ಮೊದಲೇ ಗಣಿಸದಿರುವುದು ಇದಕ್ಕೆ ಮುಖ್ಯ ಕಾರಣ.

ಅಂಚೆಯ ಮೂಲಕ ವ್ಯಾಪಾರ ನಮ್ಮಲ್ಲಿ ಹೊಸದಲ್ಲ. ಪುಸ್ತಕ, ತರಕಾರಿ ಬೀಜಗಳು ವಿ.ಪಿ. ಮೂಲಕ ಹಳ್ಳಿಗೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಆಗ ರೈತ ಕೊಳ್ಳುವವನಾಗಿದ್ದ, ಈಗ ಮಾರುವವನಾಗಿದ್ದಾನೆ. 2020ರ ಲಾಕ್‌ಡೌನ್ ಕಾಲದಲ್ಲಿ ಮಾವು ಬೆಳೆಗಾರರ ಹಣ್ಣು ಅಂಚೆಯ ಮೂಲಕ ಬೆಂಗಳೂರಿನ ಮನೆಗಳಿಗೆ ತಲುಪಿದ್ದನ್ನು ನೀವು ಕೇಳಿರಬಹುದು.

ತೂಕದ ಲೆಕ್ಕ

ಅಂಚೆ ಮತ್ತು ಕೊರಿಯರ್ ದರ ತೂಕದ ಹಂತಗಳಿಗೆ ಅನುಗುಣವಾಗಿರುತ್ತದೆ. ಹಂತವನ್ನು ಹತ್ತು ಗ್ರಾಂ ಮೀರಿದರೂ ಮುಂದಿನ ಹಂತದ ಹಣ ತೆರಬೇಕು. ಆದ್ದರಿಂದ ಮಾಲನ್ನು ಮಾತ್ರ ತೂಗದೆ, ಕಟ್ಟಿ ಮುಗಿಸಿದ ಪೊಟ್ಟಣವನ್ನೇ ತೂಗಿ ನೋಡಿರಿ. ಅರ್ಧ ಕಿಲೋ ಜೇನುತುಪ್ಪಕ್ಕೆ ಗಾಜಿನ ಬಾಟಲಿ 250 ಗ್ರಾಂ, ರಟ್ಟಿನ ಪೆಟ್ಟಿಗೆ ಮತ್ತು ಒಳಗಿನ ಮೆತ್ತೆ 150 ಗ್ರಾಂ ಸೇರಿದರೆ 900 ಗ್ರಾಂ ಆಗುತ್ತದೆ. ಅಂದರೆ ಗಿರಾಕಿ ಕೊಡುವ ಸಾಗಣೆ ಹಣದಲ್ಲಿ ಅರ್ಧದಷ್ಟು ಗಾಜು ಮತ್ತು ರಟ್ಟಿಗೇ ಹೋಯಿತು. ಒಂದು ಲೀಟರ್ ಜೇನುತುಪ್ಪ ಸುಮಾರು 1.4 ಕಿಲೋ ತೂಗುತ್ತದೆಂಬುದನ್ನೂ ಮರೆಯಬಾರದು. ಜೇನನ್ನು ಲೀಟರ್ ಲೆಕ್ಕದಲ್ಲಿ ಮಾರಿ ಕಿಲೋ ಲೆಕ್ಕದಲ್ಲಿ ಅಂಚೆ ವೆಚ್ಚ ಅಂದಾಜು ಮಾಡುವವರು ನಷ್ಟಕ್ಕೆ ಒಳಗಾಗುತ್ತಾರೆ.

ಅವಲಕ್ಕಿ, ಹಪ್ಪಳದಂಥ ಹಗುರವಾದ ಮಾಲಿಗೆ ಬೇರೊಂದು ತೊಂದರೆ ಇದೆ. ಪೆಟ್ಟಿಗೆ ದೊಡ್ಡದಾದರೆ ಸಾಗಿಸುವವರು ಅದರ ಗಾತ್ರವನ್ನೇ ತೂಕವಾಗಿ ಎಣಿಸುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಅನೇಕರ ಪದ್ಧತಿ. 40, 30, 20 ಸೆಂ.ಮೀ. ಅಳತೆಯ ಪೆಟ್ಟಿಗೆ ಈ ಲೆಕ್ಕದಲ್ಲಿ 4.8 ಕಿಲೋ ಆಗುತ್ತದೆ, ಒಳಗಿರುವುದು ಎರಡೇ ಕಿಲೋ ಹಪ್ಪಳವಾದರೂ ಸರಿಯೇ. ಮಾಲಿಗೆ ತಕ್ಕ ಪೆಟ್ಟಿಗೆ ಆರಿಸಿಕೊಳ್ಳುವುದರಿಂದಲೇ ಎಷ್ಟೋ ಹಣ ಉಳಿಯುತ್ತದೆ.

ಕಾಳುಮೆಣಸಿನಂಥ ಬೆಲೆಯುಳ್ಳ ಮಾಲು ಅಂಚೆ ವೆಚ್ಚವನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ಅಚ್ಚುಬೆಲ್ಲ, ಅಕ್ಕಿ ತಡೆದುಕೊಳ್ಳುವುದಿಲ್ಲ. ಇಂಥ ಭಾರದ ಮಾಲಿಗೆ ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಆರಂಭಿಸಿದ ನಮ್ಮ ಕಾರ್ಗೋ ಸೇವೆಯನ್ನು ವಿಚಾರಿಸಿ ನೋಡಬಹುದು. ಗಿರಾಕಿ ತಾನೇ ಬಸ್ ನಿಲ್ದಾಣಕ್ಕೆ ಬಂದು ಒಯ್ಯಲು ಒಪ್ಪುವನೇ ಎಂದು ಮೊದಲೇ ಕೇಳಿಕೊಳ್ಳಿರಿ. ವಿದ್ಯಾನಗರದಲ್ಲಿಯೋ ಭದ್ರಾವತಿ ಪೇಟೆಯಲ್ಲಿಯೋ ಇರುವ ಗಿರಾಕಿಗೆ ಅಂಚೆಯ ಗೊಡವೆಯೇ ಬೇಡ. ವಾರಕ್ಕೊಂದು ದಿನ ಗೊತ್ತುಮಾಡಿ ನೀವೇ ತಲುಪಿಸಿರಿ.

ಹಣ ಹಿಂದಿರುಗಿಸಿದಾಗ ಆಗುವ ನಷ್ಟ

ಒಂದು ಉದಾಹರಣೆ ನೋಡೋಣ. ಜೇನಿನ ಬೆಲೆ 300 ರೂ., ಅಂಚೆ ವೆಚ್ಚ 80 ರೂ. ಎಂದಿಟ್ಟುಕೊಳ್ಳಿ. ಬಾಟಲಿ ಸಹಿತ ನಿಮಗೆ ತಗಲಿದ ಖರ್ಚು 220 ರೂ. ಉಳಿಯುವುದು 80 ರೂ. ಬಾಟಲಿ ದಾರಿಯಲ್ಲಿ ಒಡೆದರೆ ಗಿರಾಕಿಗೆ 380 ರೂ. ಹಿಂದಿರುಗಿಸಬೇಕು. ಆಗ ಮಾಲಿನ 220 ಮತ್ತು ಅಂಚೆಯ 80 ಸೇರಿ 300 ರೂ. ಕೈಬಿಟ್ಟಂತಾಯಿತು. ಹೆಚ್ಚು ಕಡಿಮೆ ನಾಲ್ಕು ಪೊಟ್ಟಣಗಳ ಲಾಭ ಒಂದೇ ಒಡಕಿಗೆ ಹೋಯಿತು. ನೂರರಲ್ಲಿ ಎರಡು ಪೊಟ್ಟಣ ಹೀಗಾದರೆ 600 ರೂ. ನಷ್ಟ. ಆದ್ದರಿಂದ ಪ್ರತಿ ಪೊಟ್ಟಣದ ಬೆಲೆಯಲ್ಲಿ 6 ರೂ. ಈ ಬಾಬ್ತಿಗೆಂದೇ ಮೊದಲು ಸೇರಿಸಿಡಬೇಕು. ನಿಮ್ಮ ಹಿಂದಿನ ವರ್ಷದ ಒಡಕು, ಸೋರಿಕೆಗಳ ಸಂಖ್ಯೆ ಬರೆದಿಟ್ಟಿದ್ದರೆ ಈ ಅಂಕಿ ನಿಮಗೇ ಸಿಗುತ್ತದೆ.

ಮಾಲು ತಲುಪಿದ ಮೇಲೆ ಹಣ ಪಡೆಯುವ ಪದ್ಧತಿಯಲ್ಲಿ ಗಿರಾಕಿ ಬಾಗಿಲಲ್ಲೇ ಬೇಡವೆಂದರೆ, ಹೋಗುವ ವೆಚ್ಚದ ಜೊತೆ ಬರುವ ವೆಚ್ಚವೂ ನಿಮ್ಮ ತಲೆಗೇ ಬರುತ್ತದೆ. ಪರಿಚಯವಿಲ್ಲದವರಿಂದ ಮುಂಗಡ ಪಡೆಯುವುದೇ ಕ್ಷೇಮ.

ಕಾನೂನು ಏನು ಹೇಳುತ್ತದೆ?

‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಚೀಟಿ ಅಂಟಿಸಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ಮಾಲನ್ನು ಹಿಂದಕ್ಕೆ ಪಡೆಯದಿರುವುದು, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನವೆಂದು ಭಾವಿಸಲಾಗುತ್ತದೆ. ದೊಡ್ಡ ಮಾರಾಟ ತಾಣಗಳ ಮೂಲಕ ಮಾರುವವರಿಗೆ 2020ರ ಇ-ಕಾಮರ್ಸ್ ನಿಯಮಗಳೂ ಅನ್ವಯಿಸುತ್ತವೆ. ಇವುಗಳಂತೆ ಅಂಚೆ ವೆಚ್ಚ ಸೇರಿದ ಒಟ್ಟು ಬೆಲೆಯನ್ನೂ ಅದರ ವಿವರವನ್ನೂ ಕೊಳ್ಳುವ ಮೊದಲೇ ತಿಳಿಸಬೇಕು. ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ಗಿರಾಕಿ ತಾನು ವಾಸಿಸುವ ಊರಿನ ಆಯೋಗದಲ್ಲೇ ದೂರು ಕೊಡಬಹುದಾದ್ದರಿಂದ, 380 ರೂ.ಗಳ ತಕರಾರಿಗೆ ನೀವು ಬೆಂಗಳೂರಿಗೋ ಮುಂಬಯಿಗೋ ಓಡಾಡಬೇಕಾದೀತು.

ಯಾರ ತಪ್ಪಿಗೆ ಯಾರ ವೆಚ್ಚ ಎಂಬುದಕ್ಕೆ ಈ ಕ್ರಮ ನ್ಯಾಯವಾಗಿ ಕಾಣುತ್ತದೆ. ಮಾಲು ಒಡೆದಿದ್ದರೆ, ಕೆಟ್ಟಿದ್ದರೆ, ಬೇರೆಯದು ಹೋಗಿದ್ದರೆ ಅಂಚೆ ವೆಚ್ಚ ಸಹಿತ ಪೂರ್ತಿ ಹಣ ಕೊಡಿ. ತಪ್ಪು ವಿಳಾಸ ಬರೆಸಿದ್ದು ಗಿರಾಕಿಯಾದರೆ ಎರಡನೇ ಬಾರಿಯ ಅಂಚೆ ವೆಚ್ಚ ಅವನದು. ಪಿನ್ ಕೋಡನ್ನು ಗಿರಾಕಿಯಿಂದಲೇ ಬರೆಸಿಕೊಳ್ಳಿ. 577201 ಶಿವಮೊಗ್ಗ, 577301 ಭದ್ರಾವತಿ. ಒಂದೇ ಅಂಕಿ ತಪ್ಪಿದರೂ ಪೊಟ್ಟಣ ಬೇರೆ ಊರು ಸುತ್ತಿ ಬರುತ್ತದೆ. ನಾಲ್ಕರಲ್ಲಿ ಒಂದು ಬಾಟಲಿ ಮಾತ್ರ ಒಡೆದಿದ್ದರೆ ಆ ಒಂದರ ಹಣವೋ, ಮುಂದಿನ ಪೊಟ್ಟಣದಲ್ಲಿ ಇನ್ನೊಂದು ಬಾಟಲಿಯೋ ಎಂದು ಗಿರಾಕಿಯನ್ನೇ ಕೇಳಿರಿ. ಒಡೆದ ಉಪ್ಪಿನಕಾಯಿಯನ್ನು ವಾಪಸು ತರಿಸುವುದು ಹಣ ಪೋಲು ಮಾಡಿದಂತೆ. ಛಾಯಾಚಿತ್ರ ನೋಡಿ ತೀರ್ಮಾನಿಸಿದರೆ ಸಾಕು. ನೀವೂ ಕಟ್ಟುವ ಮೊದಲು ಒಂದು, ತಕ್ಕಡಿಯ ಮೇಲಿಟ್ಟು ಒಂದು ಛಾಯಾಚಿತ್ರ ತೆಗೆದು, ಅಂಚೆ ರಸೀತಿಯೊಂದಿಗೆ ಜೋಪಾನ ಮಾಡಿ.

ತಕರಾರು ಬಾರದಂತೆ

ಚಳಿಗಾಲದಲ್ಲಿ ಜೇನುತುಪ್ಪ ಹರಳುಗಟ್ಟುವುದು ಸಹಜ. ಪಟ್ಟಣದ ಗಿರಾಕಿ ಇದನ್ನು ಸಕ್ಕರೆ ಬೆರಕೆ ಎಂದು ತಿಳಿದು ಹಣ ಕೇಳುತ್ತಾನೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಹರಳು ಕರಗುತ್ತದೆಂದು ಒಂದು ಚೀಟಿ ಬರೆದು ಒಳಗಿಡಿ. ಎರಡು ಸಾಲಿನ ಚೀಟಿ ಎಷ್ಟೋ ಜಗಳ ತಪ್ಪಿಸುತ್ತದೆ. ಸರಿಯಾಗಿ ಕಾಯದ ತೆಳು ಜೋನಿ ಬೆಲ್ಲ ಹುಳಿತು ಮುಚ್ಚಳ ಎಬ್ಬಿಸುವುದುಂಟು. ಅಂಥ ಪಾಕವನ್ನು ಅಂಚೆಗೆ ಹಾಕಲೇಬೇಡಿ. ದ್ರವ ಪದಾರ್ಥಗಳಿಗೆ ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸುತ್ತಲೂ ಮೆತ್ತೆ ತುಂಬಿರಿ. ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆಯ ಹೊರಗೂ ಪ್ಲಾಸ್ಟಿಕ್ ಹೊದಿಕೆ ಅವಶ್ಯ.

ಹಣ ವಾಪಸಾತಿಯ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆಯೂ ಎಚ್ಚರ ಬೇಕು. ‘380 ರೂ. ಬದಲು 3,800 ರೂ. ಕಳಿಸಿಬಿಟ್ಟೆ, ಹೆಚ್ಚಿನದನ್ನು ಕೂಡಲೇ ಹಿಂದಿರುಗಿಸಿ’ ಎಂದು ಕರೆ ಬರುತ್ತದೆ, ಬ್ಯಾಂಕಿನದರಂತೆಯೇ ಕಾಣುವ ಸಂದೇಶವೂ ಬರುತ್ತದೆ. ಸಂದೇಶವನ್ನು ನಂಬಬೇಡಿ, ಖಾತೆಯಲ್ಲಿರುವ ಹಣವನ್ನೇ ನೋಡಿ. ಹಣ ಪಡೆಯಲು ಯು.ಪಿ.ಐ. ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹಣ ನಿಮ್ಮಿಂದಲೇ ಹೋಗುತ್ತದೆ. ಗಿರಾಕಿಗೆ ಹಣ ಹಿಂದಿರುಗಿಸುವಾಗ ಅವನು ಯಾವ ಖಾತೆಯಿಂದ ಕಳಿಸಿದ್ದನೋ ಅದಕ್ಕೇ ಕಳಿಸಿರಿ. ಮೋಸವಾಯಿತೆಂದು ತಿಳಿದ ತಕ್ಷಣ ಬ್ಯಾಂಕಿಗೂ 1930 ಸಂಖ್ಯೆಗೂ ಕರೆ ಮಾಡಿರಿ.