ಸೈಡ್‌ವೈಂಡರ್ ಕ್ಷಿಪಣಿಯ ಕಣ್ಣು

1958ನೆಯ ಇಸವಿಯ ಸೆಪ್ಟೆಂಬರ್ 24ರಂದು ತೈವಾನ್ ಜಲಸಂಧಿಯ ಮೇಲೆ ನಡೆದ ಕಾಳಗದಲ್ಲಿ ತೈವಾನಿನ ಸೇಬರ್ ವಿಮಾನಗಳು ಚೀನದ ಮಿಗ್-17 ವಿಮಾನಗಳ ಮೇಲೆ ಸೈಡ್‌ವೈಂಡರ್ ಎಂಬ ಅಮೆರಿಕನ್ ಕ್ಷಿಪಣಿಯನ್ನು ಪ್ರಯೋಗಿಸಿದುವು. ಶಾಖವನ್ನು ಅರಸಿ ಹೋಗುವ ಈ ಆಯುಧಕ್ಕೆ ಕಣ್ಣುಂಟೆಂದು ಹೇಳುವುದು ವಾಡಿಕೆ. ಆದರೆ ಆ ಕಣ್ಣಿಗೆ ವಿಮಾನದ ಆಕಾರವೇ ಕಾಣದು. ಅದಕ್ಕೆ ಗೊತ್ತಾಗುವುದು ಮಿನುಗುವ ಒಂದು ಬಿಂದು ಮಾತ್ರ.

ಕ್ಯಾಲಿಫೋರ್ನಿಯದ ಚೈನಾ ಲೇಕ್ ಕೇಂದ್ರದಲ್ಲಿ ವಿಲಿಯಂ ಮೆಕ್ಲೀನ್ ಎಂಬ ಭೌತವಿಜ್ಞಾನಿಯ ಮುಂದಾಳುತನದಲ್ಲಿ ಸಿದ್ಧವಾದ ಈ ಕ್ಷಿಪಣಿಯ ಮೂತಿಯಲ್ಲಿ ಒಂದು ಸಣ್ಣ ದರ್ಪಣವಿತ್ತು. ವಿಮಾನದ ಎಂಜಿನಿನಿಂದ ಹೊರಡುವ, ನಮಗೆ ಕಾಣದ ಅವಕೆಂಪು ಕಿರಣಗಳನ್ನು ಅದು ಸೀಸದ ಸಲ್ಫೈಡಿನ ತುಣುಕಿನ ಕಡೆಗೆ ಕಳುಹಿಸುತ್ತಿತ್ತು. ಕಿರಣ ಬಿದ್ದೊಡನೆ ಆ ತುಣುಕಿನ ವಿದ್ಯುತ್ ರೋಧ ತಗ್ಗುತ್ತದೆ. ಬಿಸಿಲು ಬಿದ್ದ ಮೋಡವೂ ಅಂತಹ ಕಿರಣಗಳನ್ನು ಸೂಸುವುದಲ್ಲವೆ? ಇವೆರಡನ್ನೂ ಬೇರ್ಪಡಿಸಿದ ಉಪಾಯವೇ ಇಡೀ ಯಂತ್ರದ ಜೀವಾಳವೆಂದು ನನ್ನ ಎಣಿಕೆ.

ತುಣುಕಿನ ಮುಂದೆ ಸೆಕೆಂಡಿಗೆ ಸುಮಾರು 70 ಸುತ್ತು ತಿರುಗುವ ಬಿಲ್ಲೆಯೊಂದಿತ್ತು. ಅದರ ಅರ್ಧಭಾಗದಲ್ಲಿ, ಉದಯಸೂರ್ಯನ ಚಿತ್ರದಲ್ಲಿರುವಂತೆ, ಪಾರದರ್ಶಕವೂ ಅಪಾರದರ್ಶಕವೂ ಆದ ಪಟ್ಟಿಗಳು ಒಂದಾದ ಮೇಲೊಂದು ಬರುತ್ತಿದ್ದುವು. ಉಳಿದರ್ಧವು ಬೆಳಕಿನ ಅರೆಪಾಲನ್ನಷ್ಟೇ ಒಂದೇ ಸಮನಾಗಿ ಬಿಡುತ್ತಿತ್ತು. ದೂರದ ಎಂಜಿನ್ ಒಂದು ಚುಕ್ಕೆ. ಪಟ್ಟಿಗಳು ಹಾದಾಗ ಅದು ಮಿನುಗುತ್ತದೆ. ಮೋಡದ ಬಿಂಬವಾದರೋ ಅನೇಕ ಪಟ್ಟಿಗಳನ್ನು ಒಮ್ಮೆಗೇ ಆವರಿಸುವುದರಿಂದ ಹೆಚ್ಚಾಗಿ ಮಿನುಗದು. ಪ್ರತಿ ಸುತ್ತಿನಲ್ಲಿಯೂ ಮಿನುಗು ಎಲ್ಲಿ ಆರಂಭವಾಯಿತೆಂಬುದರಿಂದ ಗುರಿ ಯಾವ ದಿಕ್ಕಿಗೆ ಸರಿದಿದೆಯೆಂಬುದೂ ತಿಳಿಯುತ್ತಿತ್ತು.

ದರ್ಪಣ ಮತ್ತು ಬಿಲ್ಲೆ ಒಟ್ಟಿಗೆ ತಿರುಗಿ ಗೈರೋಸ್ಕೋಪಿನಂತೆ ವರ್ತಿಸುತ್ತಿದ್ದುವು. ಸುತ್ತಲಿನ ವಿದ್ಯುತ್ ಸುರುಳಿಗಳು ಅವನ್ನು ಗುರಿಯ ಕಡೆಗೆ ಹೊರಳಿಸುತ್ತಿದ್ದುವು. ಹೊರಳಿಸಲು ಬೇಕಾದ ವಿದ್ಯುತ್ತಿನ ಪ್ರಮಾಣವೇ ಗುರಿಯ ದಿಕ್ಕು ಎಷ್ಟು ಬೇಗ ಬದಲಾಗುತ್ತಿದೆಯೆಂಬುದರ ಅಳತೆ. ಅದಕ್ಕೆ ಅನುಗುಣವಾಗಿ ರೆಕ್ಕೆಗಳು ತಿರುಗುತ್ತಿದ್ದುವು. ಎದುರಿನ ಹಡಗು ಸಮೀಪಿಸುತ್ತಿದ್ದರೂ ಅದರ ದಿಕ್ಕು ಬದಲಾಗದಿದ್ದರೆ ಡಿಕ್ಕಿ ತಪ್ಪದೆಂಬುದು ನಾವಿಕರಿಗೆ ಹಳೆಯ ಅನುಭವ. ನಾವಿಕನು ತಪ್ಪಿಸುವುದನ್ನೇ ಕ್ಷಿಪಣಿ ಸಾಧಿಸುತ್ತದೆ. ಗುರಿಯ ದೂರವಾಗಲಿ ವೇಗವಾಗಲಿ ಅದಕ್ಕೆ ತಿಳಿಯಬೇಕಾಗಿಲ್ಲ.

ತಂಪುಗೊಳಿಸದ ಸೀಸದ ಸಲ್ಫೈಡಿಗೆ ಎಂಜಿನಿನ ಕಾದ ಹಿಂಬದಿಯೊಂದೇ ಗೋಚರ. ಆದುದರಿಂದ ಶತ್ರುವಿನ ಬೆನ್ನ ಹಿಂದಿನಿಂದಲೇ ಹೊಡೆಯಬೇಕಾಗಿತ್ತು. ಸೂರ್ಯನು ಅಡ್ಡ ಬಂದರೆ ಕ್ಷಿಪಣಿ ಅವನನ್ನೇ ಬೆನ್ನಟ್ಟುವ ಸಂಭವವೂ ಇತ್ತು. 1958ರ ಕಾಳಗದಲ್ಲಿ ಸಿಡಿಯದೆ ಮಿಗ್‌ನಲ್ಲಿ ಸಿಕ್ಕಿಕೊಂಡ ಒಂದು ಸೈಡ್‌ವೈಂಡರ್ ಸೋವಿಯತ್ ತಜ್ಞರ ಕೈಸೇರಿತು. ಅದರ ಮಾದರಿಯಲ್ಲಿ ಕೆ-13 ಹುಟ್ಟಿತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳು ಸೈಡ್‌ವೈಂಡರನ್ನೂ ಭಾರತದ ಮಿಗ್-21ಗಳು ಕೆ-13ನ್ನೂ ಹೊತ್ತಿದ್ದುವು. ಉಭಯ ಪಕ್ಷಗಳ ವೈಮಾನಿಕರಿಗೂ ಒಂದೇ ನಿರ್ಬಂಧ!

ಮುಂದೆ ತಂಪುಗೊಳಿಸಿದ ಇಂಡಿಯಂ ಆಂಟಿಮೊನೈಡ್ ಬಂದು, ಎದುರಿನಿಂದ ಬರುವ ವಿಮಾನವೂ ಗುರಿಯಾಯಿತು. ಆದರೂ ಬಿಂದುವನ್ನಷ್ಟೇ ಬಲ್ಲ ಕಣ್ಣನ್ನು ಮತ್ತೊಂದು ಬಿಂದುವಿನಿಂದ ಮೋಸಗೊಳಿಸಬಹುದು. ವಿಮಾನಗಳು ಉರಿಯುವ ಮತಾಪನ್ನು ಉದುರಿಸುವುದು ಇದಕ್ಕಾಗಿಯೇ. ಈ ಮೋಸವನ್ನು ಮೀರಲೆಂದು ಈಚಿನ ಕ್ಷಿಪಣಿಗಳಲ್ಲಿ ಒಂದೇ ತುಣುಕಿಗೆ ಬದಲಾಗಿ ಸಾವಿರಾರು ಸೂಕ್ಷ್ಮ ಗ್ರಾಹಕಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅವುಗಳಿಂದ ಗುರಿಯ ಚಿತ್ರವೇ ಮೂಡುವುದರಿಂದ, ಮತಾಪು ಯಾವುದು, ವಿಮಾನ ಯಾವುದು ಎಂಬುದನ್ನು ಆಕಾರದಿಂದಲೂ ವಿಂಗಡಿಸಲು ಸಾಧ್ಯವಾಗಿದೆ.