ಸಂಕಮ್ಮನ ಮೊರೆ ಕೇಳುವವರು ಯಾರು?

ಮುಡುಕುತೊರೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನ, ಕೆಳಗೆ ಕಾವೇರಿ. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಈ ಕ್ಷೇತ್ರದ ಸುತ್ತಿನ ಸೀಮೆ ಮಲೆ ಮಾದೇಶ್ವರನ ಒಕ್ಕಲಿನದೂ ಹೌದು. ತಿ. ನರಸೀಪುರ, ನಂಜನಗೂಡು, ಕೊಳ್ಳೇಗಾಲದ ಊರುಗಳಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯೆಲ್ಲ ಮಾದಪ್ಪನ ಕಥೆ ಹಾಡುತ್ತಾರೆ. ಅದರೊಳಗಿನ ಸಂಕಮ್ಮನ ಸಾಲಿಗಿಂತ ಗಟ್ಟಿಯಾದ ಅಪರಾಧ ಕಥೆಯನ್ನು ನಾನು ಕನ್ನಡದಲ್ಲಿ ಕಂಡಿಲ್ಲ.

ಜೇನು ಕೀಳಲು ಹೊರಟ ನೀಲೇಗೌಡನಿಗೆ ಹೆಂಡತಿಯ ಮೇಲೆ ಗುಮಾನಿ. ತಾನು ಹಿಂತಿರುಗುವವರೆಗೆ ಶೀಲ ಕಾಪಾಡಿಕೊಳ್ಳುವೆನೆಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಒಲ್ಲೆ ಅನ್ನುತ್ತಾಳೆ. ಆ ಒಂದು ಮಾತಿಗೆ ಅವಳನ್ನು ಹಿಂಸಿಸಿ, ಕಾಡಿನ ಗುಡಿಸಲಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಜಂಗಮನಾಗಿ ಬಂದು ಬಿಡಿಸುತ್ತಾನೆ. ಮಾಡಿದವನು ಯಾರೆಂದು ಕೇಳುಗರಿಗೆ ಮೊದಲೇ ಗೊತ್ತು. ಅವಳ ಕೂಗು ಯಾರ ಕಿವಿಗೆ ಬಿದ್ದೀತು ಅನ್ನುವುದೇ ಕಥೆಯ ಜೀವ.

ನಮ್ಮ ಪತ್ತೇದಾರಿ ಸಾಹಿತ್ಯ ಬೇರೆ ದಾರಿ ಹಿಡಿಯಿತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಮನೆಮನೆಯಲ್ಲೂ ಓದುಗರಿದ್ದರು. ಈ ಬಗೆಯ ಅದೆಷ್ಟೋ ಕಾದಂಬರಿಗಳಲ್ಲಿ ಹೆಣ್ಣು ಮೊದಲ ಅಧ್ಯಾಯದ ಹೆಣ. ಆಮೇಲೆ ಉಳಿಯುವುದು ಕೊಂದವನ ಜಾಣತನ, ಹಿಡಿದವನ ಜಾಣತನ.

ಸೈನೈಡ್ ಮೋಹನನ ವಿಷಯದಲ್ಲೂ ಇದೇ ಆಯಿತು. ದಕ್ಷಿಣ ಕನ್ನಡದ ಈ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕ 2003ರಿಂದ 2009ರ ನಡುವೆ 20 ಹೆಣ್ಣುಮಕ್ಕಳನ್ನು ಕೊಂದ. ಹೆಚ್ಚಿನವರು ಬಡವರ ಮನೆಯವರು. ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಅಂದವನನ್ನು ನಂಬಿ ಮೈಮೇಲಿನ ಒಡವೆಯೊಡನೆ ಹೊರಟವರು. ಲಾಡ್ಜಿನಲ್ಲಿ ಒಡವೆ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಬಸುರಾಗದ ಮಾತ್ರೆಯೆಂದು ಸೈನೈಡ್ ಕೊಟ್ಟು ಶೌಚಾಲಯಕ್ಕೆ ಕಳಿಸುತ್ತಿದ್ದ. ಮೈಸೂರಿನಲ್ಲಿ, ಮಡಿಕೇರಿಯಲ್ಲಿ, ಬೆಂಗಳೂರಿನಲ್ಲಿ ಒಳಗಿನಿಂದ ಚಿಲಕ ಹಾಕಿದ ಬಾಗಿಲುಗಳ ಹಿಂದೆ ಸಿಕ್ಕ ದೇಹಗಳು ಅಸಹಜ ಸಾವಿನ ಕಡತ ಸೇರಿದವು. ಊರಲ್ಲಿ, ಯಾರ ಜೊತೆಗೋ ಓಡಿಹೋದಳು ಅನ್ನುವ ಮಾತು. ಆ ಮಾತೇ ಅವನಿಗೆ ಆರು ವರ್ಷ ಕಾವಲಾಯಿತು.

2009ರಲ್ಲಿ ಬಂಟ್ವಾಳದ ಯುವತಿಯೊಬ್ಬಳು ಕಾಣೆಯಾದಾಗ ಅವಳ ಜನ ಸುಮ್ಮನಾಗಲಿಲ್ಲ, ಪಟ್ಟು ಹಿಡಿದರು. ಮೊಬೈಲ್ ಕರೆಗಳ ಜಾಡಿನಲ್ಲಿ ಹೋದ ಪೊಲೀಸರಿಗೆ ಅಕ್ಟೋಬರಿನಲ್ಲಿ ಅವನು ಸಿಕ್ಕ. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಜೀವಾವಧಿಗೆ ಇಳಿದದ್ದೂ ಉಂಟು. ಗಲ್ಲೋ ಜೀವಾವಧಿಯೋ ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ಮೊದಲ ಮನೆಯವರ ಮಾತನ್ನೇ ಯಾರಾದರೂ ಗಟ್ಟಿಯಾಗಿ ಹಿಡಿದಿದ್ದರೆ ಉಳಿದವರು ಬದುಕುತ್ತಿದ್ದರಲ್ಲ ಎಂಬ ಸಂಕಟ ನನ್ನನ್ನು ಬಿಡುವುದಿಲ್ಲ.

ಈ ಪ್ರಕರಣದ ನೆರಳಿನಲ್ಲಿ 2023ರಲ್ಲಿ ರೀಮಾ ಕಾಗ್ತಿ ಅವರ ಹಿಂದಿ ಸರಣಿ ‘ದಹಾಡ್’ ಬಂತು. ಕಥೆ ರಾಜಸ್ಥಾನಕ್ಕೆ ಹೋಗಿದೆ. ಅದರಲ್ಲಿ ನನಗೆ ಹಿಡಿಸಿದ್ದು ಕಾಣೆಯಾದ ಬಡ ಹೆಣ್ಣುಗಳ ಕಡತವನ್ನು ಮುಚ್ಚಲು ಬಿಡದ ಒಬ್ಬ ದಲಿತ ಮಹಿಳಾ ಸಬ್‌ಇನ್‌ಸ್ಪೆಕ್ಟರಳ ಹಟ. ನ್ಯಾಯ ಶುರುವಾಗುವುದು ಅಲ್ಲಿಂದ, ಕೋರ್ಟು ಆಮೇಲಿನದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮನೆಮಗಳು ಕಾಣದಾದರೆ ಮಾನ ಹೋದೀತೆಂದು ಕಾಯಬೇಡಿ. ಅಂದೇ ಠಾಣೆಗೆ ಹೋಗಿ, ದೂರು ದಾಖಲಾದ ಕಾಗದ ಕೈಗೆ ಬಂದ ಮೇಲೆಯೇ ಹೊರಗೆ ಬನ್ನಿ.