ತೋಟೆ ತುಂಬುವವನ ತಕ್ಕಡಿ

ಹತ್ತಿಗೂ ಕೋವಿಗೂ ಏನು ನೆಂಟು ಎಂದು ಕೇಳಿದರೆ ನಮ್ಮ ಕಾಟನ್‌ಪೇಟೆಯ ವರ್ತಕರು ನಕ್ಕಾರು. ಹೆಸರಿನಲ್ಲಿಯೇ ಹತ್ತಿಯನ್ನು ಹೊತ್ತ ಈ ಪೇಟೆಯಲ್ಲಿ ಬಹುಕಾಲ ಕಳೆದ ನನಗೂ ಆ ನೆಂಟಿನ ನೆನಪಾದದ್ದು, ಗುರಿಯ ಕ್ರೀಡೆಗೆ ಹೊಸದಾಗಿ ಇಳಿದ ತರುಣರು ಆಗಾಗ ಕೇಳುವ ಒಂದು ಪ್ರಶ್ನೆಯಿಂದ. ಹಾರಿಸಿ ಖಾಲಿಯಾದ ತೋಟೆಗಳನ್ನು ಮತ್ತೆ ತುಂಬುವ ಪ್ರೆಸ್ಸೊಂದು ಬೇಕು; ಮೊದಲ ಸಲ ಕೊಳ್ಳುವವನು ಯಾವುದನ್ನು ಆರಿಸಬೇಕು, ಅದರೊಡನೆ ಏನೇನು ಸಲಕರಣೆಗಳು ಬೇಕು ಎಂಬುದು ಅವರ ಪ್ರಶ್ನೆ. ಉತ್ತರ ಪ್ರೆಸ್ಸಿನಿಂದ ಆರಂಭವಾಗುವುದಿಲ್ಲ, ಹತ್ತಿಯಿಂದ ಆರಂಭವಾಗುತ್ತದೆ ಎಂದರೆ ಅವರಿಗೆ ಆಶ್ಚರ್ಯ.

ಸುಮಾರು ನೂರೆಂಬತ್ತು ವರ್ಷಗಳ ಹಿಂದಿನ ಮಾತು. ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನ್, ಚೆಲ್ಲಿದ ಆಮ್ಲವನ್ನು ಮಡದಿಯ ಹತ್ತಿಯ ಮೇಲುಡುಪಿನಿಂದ ಒರಸಿ, ಒಲೆಯ ಬಳಿ ಒಣಹಾಕಿದನೆಂದೂ, ಅದು ಭಗ್ಗನೆ ಉರಿದು ಕಣ್ಣೆದುರಿಗೇ ಮಾಯವಾಯಿತೆಂದೂ ಒಂದು ಕಥೆಯುಂಟು. ಕಥೆ ಹೇಗೇ ಇರಲಿ, ಹತ್ತಿಯನ್ನು ಸ್ಫೋಟಕವಾಗಿಸುವ ಬಗೆಯನ್ನು ಆತ 1846ರಲ್ಲಿ ಲೋಕಕ್ಕೆ ತಿಳಿಸಿದ್ದು ನಿಜ. ಆ ಉಗ್ರವಸ್ತುವನ್ನು ಪಳಗಿಸಿ, ಹೊಗೆಯಿಲ್ಲದ ಕೋವಿಮದ್ದನ್ನಾಗಿ ಮಾಡಿದವನು ಫ್ರಾನ್ಸಿನ ಪಾಲ್ ವಿಯೆಲ್, ವರ್ಷ 1884. ಅದೇ 1884ರಲ್ಲಿ ನಮ್ಮ ಕಾಟನ್‌ಪೇಟೆಯ ಮಗ್ಗುಲಲ್ಲಿ, ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಗಿರಣಿ ಹುಟ್ಟಿತು. ಅದೇ ವರ್ಷವೇ ಈ ದೇಶದಲ್ಲಿ ಸ್ಫೋಟಕಗಳ ಅಧಿನಿಯಮವೂ ರಚಿತವಾಯಿತು. ಇಪ್ಪತ್ತು ವರ್ಷಗಳೊಳಗೆ ನಮ್ಮ ಗಡಿಯಾಚೆಯ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಎದ್ದಿತು. ಹತ್ತಿ ನೂಲಾದಂತೆ ಮದ್ದೂ ಆಯಿತು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ನನ್ನ ಸೋದರಮಾವನವರು ಮಲೆನಾಡಿನವರು. ಅವರಲ್ಲಿ ಒಂದು ಕೇಪಿನ ಕೋವಿಯೂ, ಆಮೇಲೆ ಬಂದ ಒಂದು ತೋಟೆ ಕೋವಿಯೂ ಇದ್ದವು. ಕೇಪಿನ ಕೋವಿಗೆ ಹಾಕುವುದು ಕರಿಮದ್ದು: ಪೆಟ್ಲುಪ್ಪು, ಗಂಧಕ, ಇದ್ದಲುಗಳ ಮಿಶ್ರಣ. ನಮ್ಮ ಹಳೆಯ ಪೇಟೆಯ ತಾರಾಮಂಡಲಪೇಟೆಗೆ ಹೆಸರು ತಂದಿತೆನ್ನುವ ಟಿಪ್ಪುವಿನ ಬಾಣಗಳಲ್ಲಿ ತುಂಬುತ್ತಿದ್ದುದೂ ಇದೇ ಜಾತಿಯ ಮದ್ದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಅಂಥ ಬಾಣಗಳು ಸಾವಿರಕ್ಕೂ ಮಿಕ್ಕು ಸಿಕ್ಕಿದುದನ್ನು ವಾಚಕರು ಮರೆತಿರಲಾರರು. ಕರಿಮದ್ದಿಗೆ ಅಳತೆ ಸಾಕು, ತೂಕ ಬೇಡ. ಮಾವನವರ ಬಳಿ ಹಿತ್ತಾಳೆಯ ಒಂದು ಅಳತೆಯ ಬಟ್ಟಲಿತ್ತು. ಅದನ್ನು ತುಂಬಿ, ಬೆರಳಿನಿಂದ ಸಮಮಾಡಿ, ನಳಿಗೆಗೆ ಸುರಿದರೆ ಈಡು ಸಿದ್ಧವಾಗುತ್ತಿತ್ತು. ಆದರೆ ತೋಟೆ ಕೋವಿಯ ಹೊಗೆಯಿಲ್ಲದ ಮದ್ದಿನ ಹತ್ತಿರ ಅವರು ಆ ಬಟ್ಟಲನ್ನು ಎಂದೂ ತರಲಿಲ್ಲ. “ಇದು ಬೇರೆ ದೇವರು, ಇದರ ಪೂಜೆಯೇ ಬೇರೆ” ಎನ್ನುತ್ತಿದ್ದರು. ಹತ್ತಿಯಿಂದಾದ ಮದ್ದು ಸ್ವಲ್ಪವೇ ಸಾಕು. ಎಷ್ಟೋ ತೋಟೆಗಳಲ್ಲಿ ಅದು ಕೊಳವೆಯ ಅರ್ಧವನ್ನೂ ತುಂಬುವುದಿಲ್ಲ. ಆದ್ದರಿಂದ ಮೈಮರೆತವನು ಒಂದೇ ಕೊಳವೆಗೆ ಎರಡು ಸಲ ಸುರಿದರೂ ಕಣ್ಣಿಗೆ ಕಾಣದೆ ಹೋಗಬಹುದು. ಕಾಣದ ಆ ಎರಡನೆಯ ಈಡು ಕೋವಿಯನ್ನು ಸೀಳುತ್ತದೆ. ಅದರ ಹಿಂದಿರುವುದು ಹಾರಿಸುವವನ ಮುಖ.

ಹೊಸಬನು ಕೊಳ್ಳುವ ಪ್ರತಿಯೊಂದು ವಸ್ತುವನ್ನೂ ಈ ಒಂದು ಭಯವನ್ನು ಮುಂದಿಟ್ಟುಕೊಂಡು ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಕೆಲಸವನ್ನು ಬೇಗ ಮುಗಿಸುವ ಉಪಕರಣವಲ್ಲ, ತಪ್ಪನ್ನು ಕಣ್ಣಿಗೆ ಕಾಣಿಸುವ ಉಪಕರಣ ಒಳ್ಳೆಯದು.

ಮೊದಲು, ಯಂತ್ರ ಬೇಕೇ ಎಂಬ ಪ್ರಶ್ನೆ. ನಮ್ಮಲ್ಲಿ ಗುರಿಕ್ರೀಡೆ ಕಲಿಯುವವರಲ್ಲಿ ಹೆಚ್ಚಿನವರು ಕೈಗೆತ್ತಿಕೊಳ್ಳುವುದು 10 ಮೀಟರಿನ ಗಾಳಿಕೋವಿಯನ್ನು. ಅದಕ್ಕೆ ಮದ್ದೇ ಇಲ್ಲ. ಆಮೇಲೆ ಬರುವುದು 50 ಮೀಟರಿನ ಪಾಯಿಂಟ್ ಇಪ್ಪತ್ತೆರಡು. ಅದರಲ್ಲಿ ಕಿಡಿಕೊಡುವ ವಸ್ತು ಕೊಳವೆಯ ಅಂಚಿನ ಮಡಿಕೆಯೊಳಗೇ ಇರುತ್ತದೆ. ಸುತ್ತಿಗೆ ಬಿದ್ದು ಅಂಚು ನಜ್ಜಾದ ಮೇಲೆ ಅದನ್ನು ಮತ್ತೆ ತುಂಬುವಂತಿಲ್ಲ. ತಳದ ನಡುವೆ ಬೇರೆಯಾಗಿ ಕೇಪು ಕೂರಿಸುವ ರೈಫಲಿನ, ಪಿಸ್ತೂಲಿನ ತೋಟೆಗಳಿಗೂ, ಹನ್ನೆರಡು ಬೋರಿನಂಥ ಚರೆಕೋವಿಯ ತೋಟೆಗಳಿಗೂ ಮಾತ್ರ ಪ್ರೆಸ್ಸಿನ ಮಾತು. ಉಳಿದವರು ಹಣ ಉಳಿಸಬಹುದು.

ಎರಡನೆಯದು ಕಾನೂನು. 1959ರ ಆಯುಧಗಳ ಅಧಿನಿಯಮ, 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವುದು, ಮದ್ದುಗುಂಡು ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ಗಮನವಿಟ್ಟು ಓದಬೇಕು. ತೋಟೆಯ ಬಿಡಿಭಾಗಗಳೂ ತೋಟೆಯನ್ನು ತಯಾರಿಸುವ ಯಂತ್ರಗಳೂ ಆ ಪದದೊಳಗೇ ಸೇರಿವೆ. ಎಂದರೆ, ಒಂದು ಚಿಟಿಕೆ ಮದ್ದನ್ನೂ ಕಾಣದೆ ಮೇಜಿನ ಮೇಲೆ ಸುಮ್ಮನೆ ಕುಳಿತಿರುವ ಕಬ್ಬಿಣದ ಪ್ರೆಸ್ಸೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಪರವಾನಗಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿಯ ಮೇಲೆ ಏಳು ವರ್ಷಕ್ಕೆ ಕಡಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸವುಂಟು. ಕೋವಿಯ ಪರವಾನಗಿಯೊಂದು ಕೈಯಲ್ಲಿದ್ದರೆ ಸಾಕೆಂದು ಭಾವಿಸಬಾರದು. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರವರ ಕಚೇರಿಯಲ್ಲಿ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳಲ್ಲಿ ವಿಚಾರಿಸಿ, ಅನುಮತಿಯನ್ನು ಬರಹದಲ್ಲಿ ಪಡೆದ ಮೇಲೆಯೇ ಹಣದ ಚೀಲಕ್ಕೆ ಕೈಹಾಕುವುದು ವಿವೇಕ. ಬೇಟೆಗೆಂದು ಇದನ್ನೆಲ್ಲ ಬಯಸುವವರಿಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಆಗಲೇ ಉತ್ತರ ಹೇಳಿದೆ.

ಈ ಎರಡು ಬಾಗಿಲುಗಳನ್ನು ದಾಟಿದವನಿಗೆ ಈಗ ಪ್ರೆಸ್ಸಿನ ವಿಚಾರ. ಹಾರಿಸಿದ ಹಿತ್ತಾಳೆಯ ಕೊಳವೆ ಶಾಖಕ್ಕೂ ಒತ್ತಡಕ್ಕೂ ಹಿಗ್ಗಿರುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುವುದು, ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸುವುದು, ಮದ್ದು ಹಾಕಿದ ಮೇಲೆ ಗುಂಡನ್ನು ಬೇಕಾದಷ್ಟೇ ಆಳಕ್ಕೆ ಇಳಿಸುವುದು, ಇವು ಕೆಲಸದ ಹಂತಗಳು. ಪ್ರೆಸ್ಸುಗಳಲ್ಲಿ ಮೂರು ಬಗೆ. ಒಂಟಿ ಅಚ್ಚಿನದು ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕೊಳವೆಗೆ ಒಂದೇ ಕೆಲಸ ಮಾಡುತ್ತದೆ. ಎರಡನೆಯದರಲ್ಲಿ ಮೂರು ನಾಲ್ಕು ಅಚ್ಚುಗಳು ಒಂದು ತಿರುಗುವ ತಲೆಯಲ್ಲಿರುತ್ತವೆ. ತಲೆಯನ್ನು ತಿರುಗಿಸಿಕೊಂಡು ಒಂದೊಂದೇ ಹಂತ ನಡೆಸಬಹುದು. ಮೂರನೆಯದರಲ್ಲಿ ಹಿಡಿಯ ಒಂದೊಂದು ಎಳೆತಕ್ಕೂ ಹಲವು ಕೊಳವೆಗಳು ಹಲವು ಹಂತಗಳನ್ನು ಏಕಕಾಲಕ್ಕೆ ದಾಟಿ, ಸಿದ್ಧವಾದ ತೋಟೆಯೊಂದು ಹೊರಬೀಳುತ್ತದೆ.

ಹೊಸಬನ ಮನಸ್ಸು ಸಹಜವಾಗಿ ಮೂರನೆಯದಕ್ಕೆ ಹಾರುತ್ತದೆ. ಆದರೆ ಅವನಿಗೆ ಹೊಂದುವುದು ಮೊದಲನೆಯದೇ. ಏಕಕಾಲಕ್ಕೆ ನಾಲ್ಕು ಕೆಲಸ ನಡೆಯುವಲ್ಲಿ ಕಣ್ಣು ಯಾವುದನ್ನು ಕಾಯಬೇಕು? ಒಂಟಿ ಅಚ್ಚಿನ ಪ್ರೆಸ್ಸು ನಿಧಾನವಾದದ್ದು, ಆ ನಿಧಾನವೇ ಅದರ ಗುಣ. ಐವತ್ತು ಕೊಳವೆಗಳಿಗೆ ಒಂದು ಹಂತ ಮುಗಿಸಿ, ನೋಡಿ, ಮುಂದಿನ ಹಂತಕ್ಕೆ ಹೋಗಬಹುದು. ಕೊಳ್ಳುವಾಗ ಅದರ ಚೌಕಟ್ಟು ಬಳೆಯಂತೆ ಪೂರ್ತಿ ಮುಚ್ಚಿರುವುದೋ, ಒಂದು ಕಡೆ ತೆರೆದಿರುವುದೋ ನೋಡಬೇಕು. ಮುಚ್ಚಿದ ಚೌಕಟ್ಟು ಒತ್ತಡಕ್ಕೆ ಬಾಗುವುದು ಕಡಮೆ. ಅಚ್ಚು ಕೂರುವ ತೂತಿನ ಸುರುಳಿ, ರೂಢಿಯ ಅಳತೆಯಾದ ಎಂಟನೆಯ ಏಳು ಅಂಗುಲ, ಅಂಗುಲಕ್ಕೆ ಹದಿನಾಲ್ಕು ಎಳೆಯದಾಗಿದ್ದರೆ ಬೇರೆ ಬೇರೆ ತಯಾರಕರ ಅಚ್ಚುಗಳೂ ಅದಕ್ಕೆ ಒಗ್ಗುತ್ತವೆ. ಪ್ರೆಸ್ಸೇ ಇಲ್ಲದ ದಾರಿಯೂ ಉಂಟು: ಅಮೆರಿಕದ ರಿಚರ್ಡ್ ಲೀ 1958ರಲ್ಲಿ ತಂದ ಕೈಸಾಧನದಲ್ಲಿ ಒಂದು ಮರದ ಕೊಡತಿಯ ಪೆಟ್ಟಿನಿಂದಲೇ ಕೆಲಸ ನಡೆಯುತ್ತದೆ. ಚರೆಕೋವಿಯವರಿಗೆ ಮಾತ್ರ ಅದರದೇ ಬೇರೆ ಯಂತ್ರ ಬೇಕು. ರೈಫಲಿನ ಪ್ರೆಸ್ಸಿನಿಂದ ಆ ಕೆಲಸ ಸಾಗದು.

ಈಗ ತಕ್ಕಡಿ. ಹಣ ಸಾಲದೆ ಬಂದರೆ ಪ್ರೆಸ್ಸಿನಲ್ಲಿ ಉಳಿಸಬಹುದು, ತಕ್ಕಡಿಯಲ್ಲಿ ಉಳಿಸಬಾರದು. ಮದ್ದಿನ ತೂಕ ಗ್ರೇನಿನಲ್ಲಿ. ಒಂದು ಪೌಂಡಿಗೆ 7000 ಗ್ರೇನು. ನಮ್ಮ ಹಳೆಯ ತೊಲಕ್ಕೆ 180. ಆದ್ದರಿಂದ 180 ಗ್ರೇನಿನ ರೈಫಲ್ ಗುಂಡೆಂದರೆ ಸರಿಯಾಗಿ ಒಂದು ತೊಲದ ಗುಂಡು. ನಗರ್ತಪೇಟೆಯ ಅಕ್ಕಸಾಲಿಗರ ಗುಲಗಂಜಿ ಎರಡು ಗ್ರೇನಿಗೆ ತುಸು ಕಡಮೆ. ಮದ್ದಿನ ತಕ್ಕಡಿ ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸಬೇಕು. ಎಂದರೆ ಗುಲಗಂಜಿಯೊಂದನ್ನು ಸುಮಾರು 18 ಹೋಳು ಮಾಡಿ ಅದರಲ್ಲಿ ಒಂದು ಹೋಳನ್ನು ತೂಗಿದಂತೆ. ವಿದ್ಯುತ್ ತಕ್ಕಡಿ ಬೇಗ ತೂಗುತ್ತದೆ, ಆದರೆ ಗಾಳಿಗೂ ಶಾಖಕ್ಕೂ ಬಳಲಿದ ಬ್ಯಾಟರಿಗೂ ಚಂಚಲವಾಗಬಹುದು. ದಂಡಿಗೆಯ ತಕ್ಕಡಿ ನಿಧಾನವಾದರೂ ಏನು ಮಾಡುತ್ತಿದೆಯೆಂಬುದನ್ನು ಕಣ್ಣಿಗೆ ತೋರಿಸುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ತಾಳೆನೋಡುವ ತೂಕದ ಕಲ್ಲುಗಳು ಜೊತೆಗಿರಲೇಬೇಕು. ಅಕ್ಕಸಾಲಿಗ ತಪ್ಪಿದರೆ ಗಿರಾಕಿಗೆ ಚಿನ್ನ ನಷ್ಟ. ಇಲ್ಲಿ ತಪ್ಪಿದರೆ ಕಣ್ಣು ನಷ್ಟ.

ಉಳಿದ ಸಾಮಾನು ಸಣ್ಣವು, ಆದರೆ ಬಿಡುವಂಥವಲ್ಲ. ತಯಾರಕರು ಪ್ರಕಟಿಸಿದ ಈಡಿನ ಪಟ್ಟಿಗಳ ಪುಸ್ತಕ ಮೊದಲನೆಯದು. ಅದರಲ್ಲಿಲ್ಲದ ಲೆಕ್ಕವನ್ನು ಗೆಳೆಯರ ಬಾಯಿಂದ ಕೇಳಿ ನಡೆಸಬಾರದು. ತೋಟೆಯ ಉದ್ದವನ್ನು ಅಳೆಯಲು ಕ್ಯಾಲಿಪರ್ ಬೇಕು. ಕೊಳವೆ ಅಚ್ಚಿನಲ್ಲಿ ಸಿಕ್ಕಿಕೊಳ್ಳದಂತೆ ಸವರುವ ಜಿಡ್ಡು, ಸಣ್ಣದೊಂದು ಆಲಿಕೆ, ಕಣ್ಣಿಗೆ ರಕ್ಷೆಯ ಕನ್ನಡಕ ಬೇಕು. ಐವತ್ತು ಗುಳಿ ಕೊರೆದ ಮರದ ಹಲಗೆಯೊಂದು ಬೇಕು. ಮದ್ದು ಹಾಕಿದ ಕೊಳವೆಗಳನ್ನು ಅದರಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುನ್ನ ದೀಪ ಹಿಡಿದು ಒಂದೊಂದರ ಒಳಗೂ ನೋಡಿದರೆ, ಎರಡು ಸಲ ಸುರಿದದ್ದು ಎದ್ದು ಕಾಣುತ್ತದೆ. ಬೆಲೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಈ ಹಲಗೆ ಜೀವ ಉಳಿಸುವುದರಲ್ಲಿ ತಕ್ಕಡಿಯ ಸಮಾನ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಲಿ. ಸೀಸವನ್ನು ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂಡುವುದು ಬೇಡ. ಬೀಡಿ, ಹರಟೆ, ದೂರವಾಣಿ ಇವಕ್ಕೆ ಆ ಕೋಣೆಯಲ್ಲಿ ಪ್ರವೇಶವಿಲ್ಲ.

ಕೋವಿಯೊಡನೆ ಬಾಳುವುದನ್ನು ನಮ್ಮ ನಾಡಿನಲ್ಲಿ ಚೆನ್ನಾಗಿ ಬಲ್ಲವರು ಕೊಡಗಿನವರು. 1861ರಿಂದ ಬಂದ ಅವರ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯೂ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ತೋಟೆಯ ತಯಾರಿಕೆಗಲ್ಲ. ಕೈಲ್‌ಪೊಳ್ದಿನ ದಿನ ಅವರು ಕೋವಿಯನ್ನು ತೊಳೆದು, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವುದು ಅವರ ಹಳೆಯ ಪದ್ಧತಿ. ಬೆಟ್ಟದಾಚೆ ಕಿವಿಗೊಟ್ಟವನಿಗೆ ಒಂದಕ್ಕೂ ಎರಡಕ್ಕೂ ಇರುವ ಅಂತರ ಹುಟ್ಟಿಗೂ ಸಾವಿಗೂ ಇರುವಷ್ಟೇ ದೊಡ್ಡದು. ತೋಟೆ ತುಂಬಲು ಕೂಡುವವನ ಮುಂದಿರುವ ಲೆಕ್ಕವೂ ಅದೇ. ಒಂದು, ಎರಡು ಎಂದು ತಪ್ಪದೆ ಎಣಿಸುವ ತಾಳ್ಮೆ ತನ್ನಲ್ಲಿ ಇದೆಯೇ ಎಂದು ಅವನು ಪ್ರೆಸ್ಸಿನ ಬೆಲೆ ಕೇಳುವ ಮೊದಲೇ ತೂಗಿನೋಡಿಕೊಳ್ಳಬೇಕು.